ವೋಲ್ಟೇಜ್ ಕುಸಿದಾಗ ಕ್ಯಾನ್ ಟ್ರಾನ್ಸೀವರ್ ಏನು ಮಾಡುತ್ತದೆ? ಲೆಕ್ಕ, ಅಳತೆ, ಪರಿಹಾರ: ಹೆಜ್ಜೆ ಹೆಜ್ಜೆಯಾಗಿ

ಕೀ ತಿರುಗಿಸಿದ ಕ್ಷಣ ಸ್ಟಾರ್ಟರ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ. ಹನ್ನೆರಡು ವೋಲ್ಟ್ ಕೊಡಬೇಕಾದ ಬ್ಯಾಟರಿ ಎಂಟಕ್ಕೆ, ಆರಕ್ಕೆ, ಹಳೆಯದಾಗಿದ್ದರೆ ಅದಕ್ಕೂ ಕೆಳಗೆ ಇಳಿಯುತ್ತದೆ. ಆ ಒಂದು ಸೆಕೆಂಡಿನಲ್ಲಿ ಕಾರಿನ ಪ್ರತಿಯೊಂದು ಇಸಿಯು (ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ) ಒಳಗೂ, ಈ ಘಟಕಗಳು ಪರಸ್ಪರ ಮಾತಾಡುವ ಕ್ಯಾನ್ ಎಂಬ ಜಾಲದ ತಂತಿಗೆ ಸಂದೇಶ ಕಳಿಸುವ, ಅಲ್ಲಿಂದ ಕೇಳುವ ಕ್ಯಾನ್ ಟ್ರಾನ್ಸೀವರ್ ಎಂಬ ಪುಟ್ಟ ಚಿಪ್ ಒಂದು ನಿರ್ಧಾರ ತೆಗೆದುಕೊಳ್ಳಬೇಕಾಗುತ್ತದೆ: ಮಾತು ಮುಂದುವರಿಸಬೇಕೋ, ಬಾಯಿ ಮುಚ್ಚಬೇಕೋ. ಇದು ವರ್ಷಕ್ಕೊಮ್ಮೆ ಬರುವ ಪರಿಸ್ಥಿತಿಯಲ್ಲ. ಸ್ಟಾರ್ಟ್-ಸ್ಟಾಪ್ ಇರುವ ಕಾರು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪ್ರತಿ ಸಿಗ್ನಲ್ಲಿಗೂ ಎಂಜಿನ್ ಆರಿಸಿ ಮತ್ತೆ ಹಚ್ಚುತ್ತದೆ.

ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ವೋಲ್ಟೇಜ್ ಮರಳಿದ ಮೇಲೆ ನಮ್ಮ ಇಸಿಯು ಸರಿಯಾಗಿ ಎದ್ದಿತೇ?" ಅದು ಅರ್ಧ ಪ್ರಶ್ನೆ ಮಾತ್ರ. ವೋಲ್ಟೇಜ್ ಸಾಲದಿದ್ದಾಗ ನಮ್ಮ ನೋಡ್ (ತಂತಿಗೆ ಸೇರಿದ ಒಂದು ಇಸಿಯು) ಉಳಿದ ನೋಡ್‌ಗಳ ಮಾತಿಗೆ ಅಡ್ಡಿಯಾಯಿತೇ ಎನ್ನುವುದು ಇನ್ನರ್ಧ. ಎರಡು ತಂತಿಗಳನ್ನು ಎಲ್ಲರೂ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿ ಈ ಎರಡನೆಯದೇ ಹೆಚ್ಚು ಮುಖ್ಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಈ ಮಾರ್ಗದರ್ಶಿಯ ಪ್ರತಿ ಹೆಜ್ಜೆಯೂ ಆ ಪ್ರಶ್ನೆಯನ್ನು ಇಟ್ಟುಕೊಂಡೇ ಬರೆದದ್ದು.

ಆರಂಭಕ್ಕೆ ಬೇಕಾದಷ್ಟು

ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್‌ನಲ್ಲಿ ಕ್ಯಾನ್-ಹೈ, ಕ್ಯಾನ್-ಲೋ ಎಂಬ ಎರಡು ತಂತಿಗಳಿವೆ. ಯಾರೂ ಮಾತಾಡದಾಗ ಎರಡೂ ಸುಮಾರು 2.5 ವೋಲ್ಟ್‌ನಲ್ಲಿರುತ್ತವೆ, ಇದು ರಿಸೆಸಿವ್ ಸ್ಥಿತಿ. ಡಾಮಿನಂಟ್ ಬಿಟ್ ಕಳಿಸುವಾಗ ಹೈ ತಂತಿ 3.5ರ ಸುಮಾರಿಗೆ ಏರಿ, ಲೋ ತಂತಿ 1.5ರ ಸುಮಾರಿಗೆ ಇಳಿದು, ನಡುವೆ 2 ವೋಲ್ಟ್ ವ್ಯತ್ಯಾಸ ನಿಲ್ಲುತ್ತದೆ. ತಂತಿಯ ಎರಡು ತುದಿಗೂ 120 ಓಮ್ ರೆಸಿಸ್ಟರ್ ಇರುವುದರಿಂದ ಟ್ರಾನ್ಸೀವರ್‌ಗೆ ಕಾಣುವ ಲೋಡ್ 60 ಓಮ್. ಐಎಸ್‌ಒ 11898-2 ಎಂಬ ಕ್ಯಾನ್ ಮಾನದಂಡದ ಪ್ರಕಾರ ಕಳಿಸುವವನು ಕನಿಷ್ಠ 1.5 ವೋಲ್ಟ್ ವ್ಯತ್ಯಾಸ ಕೊಡಬೇಕು; ಕೇಳುವವನು 0.9ಕ್ಕಿಂತ ಹೆಚ್ಚಿದ್ದರೆ ಡಾಮಿನಂಟ್, 0.5ಕ್ಕಿಂತ ಕಡಿಮೆ ಇದ್ದರೆ ರಿಸೆಸಿವ್ ಎಂದು ಓದಬೇಕು.

ಚಿಪ್‌ಗೆ ಸಾಮಾನ್ಯವಾಗಿ ಒಂದರಿಂದ ಮೂರು ಸಪ್ಲೈಗಳು. ವಿಸಿಸಿ 5 ವೋಲ್ಟ್; ತಂತಿಯನ್ನು ಓಡಿಸುವ ಶಕ್ತಿ ಬರುವುದು ಇದರಿಂದ. ವಿಐಒ ಮೈಕ್ರೋಕಂಟ್ರೋಲರ್ ಜೊತೆ ಮಾತಾಡುವ ಪಿನ್‌ಗಳಿಗೆ, ಹೆಚ್ಚಾಗಿ 3.3 ವೋಲ್ಟ್. ನಿದ್ದೆಯಿಂದ ಎಬ್ಬಿಸುವ ಸೌಲಭ್ಯವಿರುವ ಚಿಪ್‌ಗಳಿಗೆ ನೇರ ಬ್ಯಾಟರಿಯಿಂದ ವಿಬ್ಯಾಟ್ ಬೇರೆ.

ಹೆಜ್ಜೆ 1: ಡೇಟಾಶೀಟಿನಿಂದ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ

ಡೇಟಾಶೀಟಿನ (ಚಿಪ್ ತಯಾರಕರ ವಿವರಪತ್ರದ) ಮೊದಲ ಪುಟದಲ್ಲಿ "ವಿಸಿಸಿ 4.5ರಿಂದ 5.5 ವೋಲ್ಟ್" ಎಂದಿರುತ್ತದೆ. ಆ ವ್ಯಾಪ್ತಿಯೊಳಗೆ ಚಿಪ್ ಕೊಟ್ಟ ಭರವಸೆಗಳನ್ನೆಲ್ಲ ಉಳಿಸಿಕೊಳ್ಳುತ್ತದೆ ಎಂದಷ್ಟೇ ಇದರ ಅರ್ಥ. 4.49ಕ್ಕೆ ಇಳಿದ ಕೂಡಲೇ ಚಿಪ್ ನಿಲ್ಲುತ್ತದೆ ಎಂದಲ್ಲ. ನಿಲ್ಲುವ ಮಟ್ಟ ಒಳಗಿನ ಕೋಷ್ಟಕದಲ್ಲಿ, ಅಂಡರ್‌ವೋಲ್ಟೇಜ್ ಡಿಟೆಕ್ಷನ್ ಎಂಬ ಸಾಲಿನಲ್ಲಿರುತ್ತದೆ. ಉದಾಹರಣೆಗೆ ಎನ್‌ಎಕ್ಸ್‌ಪಿಯ ಟಿಜೆಎ1042ರಲ್ಲಿ ವಿಸಿಸಿಗೆ ಆ ಮಟ್ಟ 3.5 ಮತ್ತು 4.5ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ನಿಮ್ಮ ಮೇಜಿನ ಮೇಲಿರುವ ಚಿಪ್ 4.0ಕ್ಕೆ ಕೈಬಿಟ್ಟರೆ, ಮುಂದಿನ ಬ್ಯಾಚಿನದು 4.3ಕ್ಕೆ ಬಿಡಬಹುದು. ಎರಡೂ ಡೇಟಾಶೀಟಿಗೆ ಬದ್ಧವೇ.

4.5 ವೋಲ್ಟ್‌ಗೂ ಆ ನಿಜವಾದ ಮಟ್ಟಕ್ಕೂ ನಡುವೆ ಇರುವ ಅಂತರವೇ ಅನಿಶ್ಚಿತ ಪ್ರದೇಶ. ಅಲ್ಲಿ ಚಿಪ್ ಮಾತಾಡುತ್ತಿರುತ್ತದೆ, ಆದರೆ ಅದರ ವ್ಯತ್ಯಾಸ ವೋಲ್ಟೇಜ್, ಸಮಯ, ತಂತಿಗಳ ಸಮತೋಲನ ಇವುಗಳಿಗೆ ತಯಾರಕರ ಭರವಸೆ ಇಲ್ಲ. ಮುಂದೆ ಅಳೆಯಬೇಕಾದದ್ದು ಮುಖ್ಯವಾಗಿ ಇದನ್ನೇ.

ಪಟ್ಟಿಯಲ್ಲಿ ಪ್ರತಿ ಸಪ್ಲೈ ಪಿನ್‌ಗೂ ಇವನ್ನು ಬರೆದುಕೊಳ್ಳಿ: ಇಳಿಯುವಾಗಿನ ಕನಿಷ್ಠ ಮತ್ತು ಗರಿಷ್ಠ ಮಟ್ಟ, ಏರುವಾಗಿನ ಮಟ್ಟ, ಎರಡರ ನಡುವಿನ ಅಂತರ (ಹಿಸ್ಟರಿಸಿಸ್), ಎಷ್ಟು ಹೊತ್ತು ಕೆಳಗಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಆಗ ಟ್ರಾನ್ಸ್‌ಮಿಟರ್ ಏನಾಗುತ್ತದೆ, ತಂತಿಯಲ್ಲಿ ಕೇಳಿದ್ದನ್ನು ಮೈಕ್ರೋಕಂಟ್ರೋಲರ್‌ಗೆ ಕೊಡುವ ಆರ್‌ಎಕ್ಸ್‌ಡಿ ಪಿನ್ ಯಾವ ಮಟ್ಟದಲ್ಲಿರುತ್ತದೆ, ವಾಪಸ್ ಬರಲು ಏನು ಬೇಕು. "ಸಾಮಾನ್ಯ ಮೌಲ್ಯ" ಎಂಬ ನಡುವಿನ ಕಾಲಂ ನೋಡಿ ಡಿಸೈನ್ ಮಾಡಬೇಡಿ. ಅದು ಮಾರಾಟಕ್ಕೆ ಚೆಂದ, ಲೆಕ್ಕಕ್ಕೆ ಅಪಾಯ.

ಹೆಜ್ಜೆ 2: ಬ್ಯಾಟರಿಯಿಂದ ವಿಸಿಸಿ ಪಿನ್‌ವರೆಗೆ ಲೆಕ್ಕ ಹಾಕಿ

ಕನೆಕ್ಟರ್‌ನಲ್ಲಿ ಬ್ಯಾಟರಿ 6 ವೋಲ್ಟ್ ಇದೆ ಎಂದುಕೊಳ್ಳಿ. ಉಲ್ಟಾ ಜೋಡಣೆಯಿಂದ ಕಾಪಾಡುವ ಡಯೋಡ್ 0.6 ವೋಲ್ಟ್ ತಿನ್ನುತ್ತದೆ. ಉಳಿದ 5.4ರಲ್ಲಿ 5 ವೋಲ್ಟ್ ಲೀನಿಯರ್ ರೆಗ್ಯುಲೇಟರ್‌ಗೆ 0.3 ಡ್ರಾಪ್‌ಔಟ್ (ರೆಗ್ಯುಲೇಟರ್ ತನಗೇ ಇಟ್ಟುಕೊಳ್ಳುವ ಕನಿಷ್ಠ ವೋಲ್ಟೇಜ್) ಹೋದರೂ 5 ವೋಲ್ಟ್ ಸಿಗುತ್ತದೆ. ಬ್ಯಾಟರಿ 5ಕ್ಕೆ ಇಳಿದರೆ? 4.4 ರೆಗ್ಯುಲೇಟರ್‌ಗೆ, 4.1 ವಿಸಿಸಿಗೆ. ನೇರ ಅನಿಶ್ಚಿತ ಪ್ರದೇಶದ ಮಧ್ಯಕ್ಕೆ ಬಂದಿರಿ. ಅದೇ ಹೊತ್ತಿನಲ್ಲಿ 3.3 ವೋಲ್ಟ್ ರೆಗ್ಯುಲೇಟರ್ ಆರಾಮವಾಗಿರುತ್ತದೆ, ಮೈಕ್ರೋಕಂಟ್ರೋಲರ್‌ಗೆ ಏನೂ ಗೊತ್ತಾಗಿರುವುದಿಲ್ಲ.

ಈಗ ಇದನ್ನು ವಾಹನದ ಎಲೆಕ್ಟ್ರಾನಿಕ್ ಉಪಕರಣಗಳ ಪರೀಕ್ಷಾ ಮಾನದಂಡವಾದ ಐಎಸ್‌ಒ 16750-2ರ ಕ್ರ್ಯಾಂಕಿಂಗ್ ಪ್ರೊಫೈಲ್‌ಗೆ, ಅಂದರೆ ಸ್ಟಾರ್ಟರ್ ತಿರುಗುವಾಗಿನ ವೋಲ್ಟೇಜ್ ಏರಿಳಿತದ ಮಾದರಿಗೆ, ಹೋಲಿಸಿ. 12 ವೋಲ್ಟ್ ವಾಹನಕ್ಕೆ ಅದರಲ್ಲಿ ನಾಲ್ಕು ಮಟ್ಟಗಳಿವೆ. ಮೊದಲನೆಯದು ಸೌಮ್ಯ: 8 ವೋಲ್ಟ್‌ಗೆ ಇಳಿದು 9.5ರಲ್ಲಿ ನಿಲ್ಲುತ್ತದೆ. ಮೂರನೆಯದು ಕಠಿಣ: 15 ಮಿಲಿಸೆಕೆಂಡ್ 3 ವೋಲ್ಟ್‌ನಲ್ಲಿ, ನಂತರ 5 ವೋಲ್ಟ್‌ಗೆ ಏರಿ ಅಲ್ಲಿ ಒಂದು ಸೆಕೆಂಡ್. ನಿಮ್ಮ ಗ್ರಾಹಕರು ಯಾವ ಮಟ್ಟ ಕೇಳಿದ್ದಾರೆ ಎನ್ನುವುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.

ಮೊದಲ ಆಳದ ಗುಂಡಿಯನ್ನು ಕೆಪಾಸಿಟರ್‌ನಿಂದ ದಾಟಬಹುದು. ಡಯೋಡ್ ಆದ ಮೇಲೆ 150 ಮಿಲಿಆಂಪಿಯರ್ ಬಳಕೆ, 25 ಮಿಲಿಸೆಕೆಂಡ್ ತಾಳಿಕೆ, 11.4ರಿಂದ 5.4 ವೋಲ್ಟ್‌ಗೆ ಇಳಿಯಲು ಅವಕಾಶ ಎಂದರೆ 0.15 ಗುಣಿಸು 0.025 ಭಾಗಿಸು 6, ಅಂದರೆ 625 ಮೈಕ್ರೋಫ್ಯಾರಡ್. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಚಳಿಯಲ್ಲೂ ವಯಸ್ಸಾದಂತೆಯೂ ಕುಗ್ಗುವುದರಿಂದ ಅದಕ್ಕಿಂತ ದೊಡ್ಡದೇ ಬೇಕು. ಆದರೆ ನಂತರದ ಒಂದು ಸೆಕೆಂಡಿಗೆ ಯಾವ ಕೆಪಾಸಿಟರೂ ಸಾಲದು. ಅಲ್ಲಿ ಎರಡೇ ದಾರಿ: ಬ್ಯಾಟರಿ ಕಡಿಮೆ ಇದ್ದರೂ 5 ವೋಲ್ಟ್ ಕೊಡುವ ಬಕ್-ಬೂಸ್ಟ್ ಕನ್ವರ್ಟರ್ ಹಾಕುವುದು, ಇಲ್ಲವೇ ಸಂವಹನ ನಿಲ್ಲುತ್ತದೆ ಎಂದು ಒಪ್ಪಿಕೊಂಡು ಅದು ಶುದ್ಧವಾಗಿ ನಿಲ್ಲುವಂತೆ ಮಾಡುವುದು. ಕಿಟಕಿ ಏರಿಳಿಸುವ ಇಸಿಯುಗೆ ಎರಡನೆಯದು ಸಾಕು. ಎಂಜಿನ್ ಇಸಿಯುಗೂ ಕಳ್ಳತನ ತಡೆಯುವ ಇಮ್ಮೊಬಿಲೈಸರ್‌ಗೂ ಸಾಲುವುದಿಲ್ಲ. ಕ್ರ್ಯಾಂಕಿಂಗ್ ನಡೆಯುವಾಗಲೇ ಅವು ಪರಸ್ಪರ ಮಾತಾಡಬೇಕಾಗಬಹುದು.

ಹೆಜ್ಜೆ 3: ಯಾವ ಸಪ್ಲೈ ಮೊದಲು ಬೀಳುತ್ತದೆ ಎಂದು ಗುರುತಿಸಿ

ವಿಸಿಸಿ ಹೋಗಿ ವಿಐಒ ಇದ್ದರೆ ಟಿಜೆಎ1042ರಂಥ ಚಿಪ್ ಸ್ಟ್ಯಾಂಡ್‌ಬೈಗೆ ಹೋಗುತ್ತದೆ. ಸ್ಟ್ಯಾಂಡ್‌ಬೈ ಬೇಕೋ ಬೇಡವೋ ಎಂದು ಹೇಳುವ ಎಸ್‌ಟಿಬಿ ಪಿನ್‌ನಲ್ಲಿ ನೀವೇನು ಹೇಳುತ್ತಿದ್ದೀರಿ ಎನ್ನುವುದನ್ನು ವಿಸಿಸಿ ಮರಳುವವರೆಗೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ವಿಐಒ ಹೋಗಿ ವಿಸಿಸಿ ಇದ್ದರೆ ಚಿಪ್ ಪೂರ್ತಿ ಆಫ್ ಆಗಿ ತಂತಿಯಿಂದ ಕಳಚಿಕೊಳ್ಳುತ್ತದೆ. ಎರಡೂ ಹೋದರೆ ತಂತಿಯ ಮೇಲೆ ಅದರ ಭಾರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರಬೇಕು. ಶಕ್ತಿ ಇಲ್ಲದ ಚಿಪ್ ಸೋರಿಸಬಹುದಾದ ಕರೆಂಟ್‌ಗೆ ಐಎಸ್‌ಒ 11898-2 ಹಾಕಿರುವ ಮಿತಿ 10 ಮೈಕ್ರೋಆಂಪಿಯರ್. ಹಳೆಯ ಚಿಪ್‌ಗಳನ್ನು ಮರುಬಳಸುವವರು ಈ ಸಾಲನ್ನು ತಪ್ಪದೆ ಓದಬೇಕು.

ಬೋರ್ಡ್ ಡಿಸೈನ್‌ನಲ್ಲಿ ಇಲ್ಲಿ ಗಮನಿಸಬೇಕಾದ ಒಂದು ಅಂಶ: ಮೈಕ್ರೋಕಂಟ್ರೋಲರ್ ರಿಸೆಟ್‌ನಲ್ಲಿದ್ದಾಗ ಅದರ ಪಿನ್ ತೇಲುತ್ತಿರುತ್ತದೆ. ಕಳಿಸಬೇಕಾದ ಬಿಟ್ ಚಿಪ್‌ಗೆ ಬರುವ ಟಿಎಕ್ಸ್‌ಡಿ ಪಿನ್‌ಗೆ ಚಿಪ್ ಒಳಗೆ ಪುಲ್-ಅಪ್ (ಪಿನ್ ಅನ್ನು ಮೇಲಿನ ಮಟ್ಟಕ್ಕೆ ಎಳೆದಿಡುವ ರೆಸಿಸ್ಟರ್) ಇದ್ದರೂ ಅದು ದುರ್ಬಲ. ವಿಐಒಗೆ ಹೊರಗಿನಿಂದ ಒಂದು ಪುಲ್-ಅಪ್ ರೆಸಿಸ್ಟರ್ ಹಾಕಲು ಜಾಗ ಬಿಡಿ.

ಹೆಜ್ಜೆ 4: ಬೆಂಚ್ ಸಿದ್ಧ ಮಾಡಿ

ಒಂಟಿ ಇಸಿಯು ಇಟ್ಟುಕೊಂಡು ಈ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ಕನಿಷ್ಠ ಇನ್ನೆರಡು ನೋಡ್‌ಗಳು ಬೇರೆ ಸ್ಥಿರ ಸಪ್ಲೈನಿಂದ ನಡೆಯುತ್ತಾ, ತಮ್ಮೊಳಗೆ ನಿರಂತರ ಸಂದೇಶ ಕಳಿಸುತ್ತಿರಬೇಕು. ನಮ್ಮ ನೋಡ್ ತೊಂದರೆ ಕೊಟ್ಟಿತೇ ಎಂಬುದಕ್ಕೆ ಅವೇ ಸಾಕ್ಷಿ. ಅವುಗಳ ಎರರ್ ಕೌಂಟರ್‌ಗಳನ್ನು ದಾಖಲಿಸುವ ವ್ಯವಸ್ಥೆ ಇರಲಿ. ಎರಡು ತುದಿಗೂ 120 ಓಮ್ ಹಾಕಿ. ಶಕ್ತಿ ಆಫ್ ಮಾಡಿ ಮಲ್ಟಿಮೀಟರ್‌ನಲ್ಲಿ ತಂತಿಗಳ ನಡುವೆ 60 ಓಮ್ ಬಂತೇ ಎಂದು ನೋಡಿಯೇ ಮುಂದುವರಿಯಿರಿ.

ಆಸಿಲೋಸ್ಕೋಪ್‌ನಲ್ಲಿ ನಾಲ್ಕು ಚಾನೆಲ್ ಇದ್ದರೆ ನನ್ನ ಆಯ್ಕೆ: ವಿಸಿಸಿ, ಟಿಎಕ್ಸ್‌ಡಿ, ಕ್ಯಾನ್-ಹೈ, ಕ್ಯಾನ್-ಲೋ. ಕೊನೆಯ ಎರಡನ್ನು ಮ್ಯಾಥ್‌ನಲ್ಲಿ ಕಳೆದು ವ್ಯತ್ಯಾಸ ನೋಡಿ. ಆರ್‌ಎಕ್ಸ್‌ಡಿ, ವಿಐಒ, ಐಎನ್‌ಎಚ್ (ಇದರ ಬಗ್ಗೆ ಆರನೇ ಹೆಜ್ಜೆಯಲ್ಲಿ) ಪಿನ್‌ಗಳನ್ನು ಎರಡನೇ ಸುತ್ತಿನಲ್ಲಿ ನೋಡಿದರಾಯಿತು. ವಿಸಿಸಿ ಪ್ರೋಬ್ ಅನ್ನು ಚಿಪ್‌ನ ಪಿನ್ ಪಕ್ಕದ ಕೆಪಾಸಿಟರ್ ಮೇಲೆಯೇ ಇಡಿ. ರೆಗ್ಯುಲೇಟರ್ ಔಟ್‌ಪುಟ್‌ನಲ್ಲಿ ಅಳೆದ ವೋಲ್ಟೇಜ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಲ್ಯಾಪ್‌ಟಾಪ್‌ಗೆ ಹಾಕುವ ಕ್ಯಾನ್ ಅಡಾಪ್ಟರ್ ಐಸೊಲೇಟೆಡ್ ಆಗಿರಲಿ, ಇಲ್ಲವಾದರೆ ಯುಎಸ್‌ಬಿ ಗ್ರೌಂಡ್ ಮೂಲಕ ಬೇರೊಂದು ದಾರಿ ತೆರೆದು ಫಲಿತಾಂಶವೇ ಕೆಡುತ್ತದೆ.

ಹೆಜ್ಜೆ 5: ನಿಧಾನ ಇಳಿಕೆಯಿಂದ ಆರಂಭಿಸಿ

ಎಲ್ಲರೂ ಕ್ರ್ಯಾಂಕಿಂಗ್ ಪಲ್ಸ್‌ನಿಂದ ಆರಂಭಿಸುತ್ತಾರೆ. ನನ್ನ ಸಲಹೆ, ಅದನ್ನು ಕೊನೆಗಿಡಿ. ಐಎಸ್‌ಒ 16750-2ರಲ್ಲೇ ಇರುವ ನಿಧಾನ ಇಳಿಕೆ-ಏರಿಕೆ ಪರೀಕ್ಷೆಯಲ್ಲಿ ವೋಲ್ಟೇಜ್ ನಿಮಿಷಕ್ಕೆ 0.5 ವೋಲ್ಟ್ ದರದಲ್ಲಿ ಸೊನ್ನೆಗೆ ಇಳಿದು ಮತ್ತೆ ಏರುತ್ತದೆ. ಕನಿಷ್ಠ ಸಪ್ಲೈ 9 ವೋಲ್ಟ್ ಇದ್ದರೆ ಇಳಿಯಲು 18 ನಿಮಿಷ, ಏರಲು ಮತ್ತೆ ಹದಿನೆಂಟು. ಬೇಸರದ ಕೆಲಸ ನಿಜ, ಆದರೆ ವೇಗದ ಪಲ್ಸ್‌ನಲ್ಲಿ ಕಣ್ಣು ತಪ್ಪಿಸುವ ದೋಷಗಳೆಲ್ಲ ಇಲ್ಲಿ ಮೆಲ್ಲಗೆ ಮುಂದೆ ಬಂದು ನಿಲ್ಲುತ್ತವೆ.

ಸ್ಕೋಪ್ ಪರದೆಯ ಮೇಲೆ ನೋಡುತ್ತಾ ಹೋಗಿ. ವಿಸಿಸಿ 5ರಿಂದ ಕೆಳಗಿಳಿಯುತ್ತಿದ್ದಂತೆ ಡಾಮಿನಂಟ್ ಬಿಟ್‌ನ ಎತ್ತರ ಕುಗ್ಗುತ್ತದೆ, ರಿಸೆಸಿವ್ ಮಟ್ಟವೂ 2.5ರಿಂದ ಕೆಳಗೆ ಜಾರುತ್ತದೆ, ಏಕೆಂದರೆ ಅದು ವಿಸಿಸಿಯ ಅರ್ಧಕ್ಕೆ ಕಟ್ಟಿಕೊಂಡಿದೆ. ಉಳಿದ ನೋಡ್‌ಗಳ ರಿಸೆಸಿವ್ 2.5ರಲ್ಲೇ ಇರುವುದರಿಂದ, ನಮ್ಮ ನೋಡ್ ಮಾತಾಡುವಾಗ ಎರಡೂ ತಂತಿಗಳ ಸರಾಸರಿ ಮಟ್ಟ ಮೆಟ್ಟಿಲಿನಂತೆ ಏರಿಳಿಯುವುದು ಕಾಣುತ್ತದೆ. ಇದರಿಂದ ಸಂದೇಶ ಕೆಡುವುದಿಲ್ಲ. ರೇಡಿಯೊ ಅಡಚಣೆ ಮಾತ್ರ ಹೆಚ್ಚುತ್ತದೆ.

ಇನ್ನೂ ಇಳಿಸಿ. ಚಿಪ್ ತನ್ನ ಮಟ್ಟ ಮುಟ್ಟಿದ ಕೂಡಲೇ ಟ್ರಾನ್ಸ್‌ಮಿಟರ್ ಕತ್ತರಿಸುತ್ತದೆ. ಅದು ಫ್ರೇಮ್‌ನ (ಒಂದು ಸಂದೇಶದ) ಮಧ್ಯದಲ್ಲೇ ಆಗಬಹುದು. ಕೇಳುತ್ತಿದ್ದ ನೋಡ್‌ಗಳಿಗೆ ಸತತ ಆರು ರಿಸೆಸಿವ್ ಬಿಟ್ ಕಂಡು ಸ್ಟಫ್ ಎರರ್ (ಒಂದೇ ಬಗೆಯ ಬಿಟ್ ಸತತ ಐದಕ್ಕಿಂತ ಹೆಚ್ಚು ಬರಬಾರದೆಂಬ ನಿಯಮದ ಉಲ್ಲಂಘನೆ) ಆಗುತ್ತದೆ, ಒಂದು ಎರರ್ ಫ್ರೇಮ್ ಹೊರಬೀಳುತ್ತದೆ. ಒಂದು ಆದರೆ ಪರವಾಗಿಲ್ಲ, ಅದನ್ನು ತಾಳಿಕೊಳ್ಳಲೆಂದೇ ಕ್ಯಾನ್ ಕಟ್ಟಿದ್ದು.

ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ. ಡಾಮಿನಂಟ್ ಕಳಿಸುವಾಗ ಚಿಪ್ ಸುಮಾರು 45ರಿಂದ 70 ಮಿಲಿಆಂಪಿಯರ್ ಎಳೆಯುತ್ತದೆ. ಸುಮ್ಮನಿದ್ದಾಗ 10ಕ್ಕಿಂತ ಕಡಿಮೆ. ಟ್ರಾನ್ಸ್‌ಮಿಟರ್ ಕತ್ತರಿಸಿದ ಕೂಡಲೇ ಆ ಕರೆಂಟ್ ಉಳಿಯಿತು, ಡ್ರಾಪ್‌ಔಟ್‌ನಲ್ಲಿದ್ದ ರೆಗ್ಯುಲೇಟರ್‌ನ ಮೇಲಿನ ಹೊರೆ ಇಳಿಯಿತು, ವಿಸಿಸಿ ಒಂದಿಷ್ಟು ಏರಿತು. ಆ ಏರಿಕೆ ಹಿಸ್ಟರಿಸಿಸ್ ದಾಟಿದರೆ ಚಿಪ್ ಮತ್ತೆ ಎದ್ದು ಮಾತಾಡತೊಡಗುತ್ತದೆ; ಮಾತಾಡಿದ ಕೂಡಲೇ ವಿಸಿಸಿ ಕುಸಿದು ಮತ್ತೆ ಬಾಯಿ ಮುಚ್ಚುತ್ತದೆ. ಪರದೆಯಲ್ಲಿ ವಿಸಿಸಿ ಗರಗಸದ ಹಲ್ಲಿನಂತೆ ಕಾಣುತ್ತದೆ, ಪ್ರತಿ ಹಲ್ಲಿಗೂ ತಂತಿಯ ಮೇಲೊಂದು ಮುರಿದ ಫ್ರೇಮ್. ಹಿಸ್ಟರಿಸಿಸ್ 200 ಮಿಲಿವೋಲ್ಟ್ ಆಸುಪಾಸಿನಲ್ಲಿದ್ದರೆ, 60 ಮಿಲಿಆಂಪಿಯರ್ ಬದಲಾವಣೆಗೆ ದಾರಿಯಲ್ಲಿ ಮೂರು ಓಮ್‌ಗಿಂತ ಸ್ವಲ್ಪ ಹೆಚ್ಚು ಇದ್ದರೆ ಸಾಕು, ಈ ಚಕ್ರ ಶುರುವಾಗುತ್ತದೆ. ಡ್ರಾಪ್‌ಔಟ್‌ನಲ್ಲಿರುವ ಸಣ್ಣ ರೆಗ್ಯುಲೇಟರ್, ಒಂದು ಫೆರೈಟ್ ಬೀಡ್, ಕನೆಕ್ಟರ್ ಎಲ್ಲ ಸೇರಿದರೆ ಅಷ್ಟಾಗುವುದು ಕಷ್ಟವೇನಲ್ಲ.

ಈ ಗರಗಸ ಕಂಡರೆ ಮೊದಲು ನೋಡಬೇಕಾದದ್ದು ರೆಗ್ಯುಲೇಟರ್‌ನ ಗಾತ್ರ ಮತ್ತು ವಿಸಿಸಿ ಕೆಪಾಸಿಟರ್. ಕೆಪಾಸಿಟರ್ ಹೆಚ್ಚಿಸಿದರೆ ಚಕ್ರ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಪೂರ್ತಿ ನಿಲ್ಲಿಸಲು ಸಾಫ್ಟ್‌ವೇರ್ ನೆರವು ಬೇಕು. ಅದು ಏಳನೇ ಹೆಜ್ಜೆ.

ನಿಧಾನ ಇಳಿಕೆ ಮುಗಿದ ಮೇಲೆ ಮೆಟ್ಟಿಲು ಪರೀಕ್ಷೆ: ಕನಿಷ್ಠ ಸಪ್ಲೈನಿಂದ ಶೇ. 5ರಷ್ಟು ಇಳಿಸಿ 5 ಸೆಕೆಂಡ್ ಹಿಡಿದು, ಮತ್ತೆ ಕನಿಷ್ಠಕ್ಕೆ ತಂದು ಕನಿಷ್ಠ 10 ಸೆಕೆಂಡ್ ನಿಲ್ಲಿಸಿ ಕೆಲಸ ಸರಿ ಇದೆಯೇ ನೋಡುವುದು, ಮುಂದಿನ ಸಲ ಶೇ. 10, ಹೀಗೆ ಸೊನ್ನೆಯವರೆಗೆ. ಯಾವ ಮೆಟ್ಟಿಲಿನಲ್ಲಿ ಮೈಕ್ರೋಕಂಟ್ರೋಲರ್ ರಿಸೆಟ್ ಆಯಿತು, ಯಾವುದರಲ್ಲಿ ಟ್ರಾನ್ಸೀವರ್ ಮಾತ್ರ ಹೋಯಿತು ಎಂದು ಪ್ರತ್ಯೇಕವಾಗಿ ಬರೆಯಿರಿ. ಅದಾದ ಮೇಲೆ ಕ್ರ್ಯಾಂಕಿಂಗ್ ಪಲ್ಸ್. ಇಷ್ಟು ಮಾಡಿದ್ದರೆ ಅದರಲ್ಲಿ ಅಚ್ಚರಿಗಳು ಕಡಿಮೆ.

ಹೆಜ್ಜೆ 6: ನಿದ್ದೆಗೆ ಜಾರುವ ಚಿಪ್ ಇದ್ದರೆ ಇದನ್ನು ತಪ್ಪಿಸಬೇಡಿ

ಟಿಜೆಎ1043ರಂಥ ಚಿಪ್‌ಗಳಲ್ಲಿ ಐಎನ್‌ಎಚ್ ಎಂಬ ಪಿನ್ ಇದೆ. ಇಸಿಯು ನಿದ್ದೆ ಮಾಡುವಾಗ ಮುಖ್ಯ ರೆಗ್ಯುಲೇಟರ್ ಆರಿಸಲು ಇದನ್ನು ಬಳಸುತ್ತಾರೆ. ಈ ಚಿಪ್‌ನಲ್ಲಿ ವಿಸಿಸಿ ಅಥವಾ ವಿಐಒ ಅಂಡರ್‌ವೋಲ್ಟೇಜ್ ಮಟ್ಟಕ್ಕಿಂತ ಕೆಳಗೆ 100ರಿಂದ 350 ಮಿಲಿಸೆಕೆಂಡ್ ಉಳಿದರೆ ಚಿಪ್ ತಾನಾಗಿ ಸ್ಲೀಪ್‌ಗೆ ಹೋಗುತ್ತದೆ. ಬ್ಯಾಟರಿ ಖಾಲಿಯಾಗದಿರಲಿ, ತಂತಿಗೆ ತೊಂದರೆಯಾಗದಿರಲಿ ಎಂಬ ಒಳ್ಳೆಯ ಉದ್ದೇಶದ ವ್ಯವಸ್ಥೆ.

ಎರಡನೇ ಹೆಜ್ಜೆಯ ಲೆಕ್ಕವನ್ನು ಇಲ್ಲಿಗೆ ತನ್ನಿ. ಬ್ಯಾಟರಿ ಒಂದು ಸೆಕೆಂಡ್ 5 ವೋಲ್ಟ್‌ನಲ್ಲಿದೆ. ವಿಬ್ಯಾಟ್ ಪಿನ್‌ಗೆ 4.4 ಸಿಗುತ್ತಿದೆ, ಅದರ ಮಟ್ಟ ಹೆಚ್ಚೆಂದರೆ 4.3, ಹಾಗಾಗಿ ಚಿಪ್‌ನ ದೃಷ್ಟಿಯಲ್ಲಿ ಬ್ಯಾಟರಿ ಆರೋಗ್ಯವಾಗಿದೆ. ವಿಸಿಸಿ 4.1ರಲ್ಲಿದೆ, ಅದರ ಮಟ್ಟ 3ರಿಂದ 4.3ರ ನಡುವೆ ಎಲ್ಲೋ ಇದೆ. ಮಟ್ಟ 4.2 ಇರುವ ಚಿಪ್ ಆದರೆ 350 ಮಿಲಿಸೆಕೆಂಡಿನೊಳಗೆ ಸ್ಲೀಪ್‌ಗೆ ಹೋಗಿ, ಐಎನ್‌ಎಚ್ ಬಿಟ್ಟು, ರೆಗ್ಯುಲೇಟರ್ ಆರಿಸಿ, ಜೀವಂತವಾಗಿದ್ದ ಮೈಕ್ರೋಕಂಟ್ರೋಲರ್‌ನ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ. ಮಟ್ಟ 3.5 ಇರುವ ಚಿಪ್ ಆದರೆ ಏನೂ ಆಗದು. ಒಂದೇ ಬೋರ್ಡ್, ಒಂದೇ ಸಾಫ್ಟ್‌ವೇರ್. ಒಂದು ಕಾರಿನಲ್ಲಿ ದೋಷ, ಪಕ್ಕದ ಕಾರಿನಲ್ಲಿಲ್ಲ. ಲ್ಯಾಬ್‌ನಲ್ಲಿ ಮರುಸೃಷ್ಟಿಸಲಾಗದೆ ತಿಂಗಳುಗಟ್ಟಲೆ ಜನ ಹುಡುಕುವ ಜಾತಿಯ ದೋಷ ಇದು.

ಪರೀಕ್ಷಿಸುವುದು ಸುಲಭ: ವಿಸಿಸಿಯನ್ನು ರೆಗ್ಯುಲೇಟರ್‌ನಿಂದ ಬಿಡಿಸಿ, ಹೊರಗಿನ ಸಪ್ಲೈನಿಂದ 2.9 ವೋಲ್ಟ್‌ಗೆ ಅರ್ಧ ಸೆಕೆಂಡ್ ಇಳಿಸಿ. ಕನಿಷ್ಠ ಮಟ್ಟಕ್ಕೂ ಕೆಳಗೆ ಹೋಗಿರುವುದರಿಂದ ಕೈಯಲ್ಲಿರುವ ಚಿಪ್ ಯಾವುದೇ ಆಗಿರಲಿ, ದೋಷ ಬರಲೇಬೇಕು. ನಂತರ ಏನು ಅದನ್ನು ಎಬ್ಬಿಸುತ್ತದೆ ನೋಡಿ. ತಂತಿಯ ಮೇಲೆ ಬೇರೆಯವರ ಮಾತು ನಡೆಯುತ್ತಿದ್ದರೆ ವೇಕ್-ಅಪ್ ಆಗುತ್ತದೆ, ಆದರೆ ಇಸಿಯು ಹೊಸದಾಗಿ ಬೂಟ್ ಆಗುತ್ತದೆ, ರ್‍ಯಾಮ್‌ನಲ್ಲಿದ್ದದ್ದೆಲ್ಲ ಹೋಯಿತು. ಪರಿಹಾರವಾಗಿ ರೆಗ್ಯುಲೇಟರ್‌ನ ಎನೇಬಲ್ ಪಿನ್‌ಗೆ ಐಎನ್‌ಎಚ್ ಜೊತೆಗೆ ಮೈಕ್ರೋಕಂಟ್ರೋಲರ್‌ನ ಒಂದು ಹೋಲ್ಡ್ ಸಿಗ್ನಲ್ ಅನ್ನೂ ಡಯೋಡ್‌ಗಳ ಮೂಲಕ ಸೇರಿಸಿ. ಇಬ್ಬರೂ ಒಪ್ಪಿದಾಗ ಮಾತ್ರ ಶಕ್ತಿ ಆರುತ್ತದೆ.

ಹೆಜ್ಜೆ 7: ಸಾಫ್ಟ್‌ವೇರ್ ಕಲಿಯಬೇಕಾದದ್ದು

ಟ್ರಾನ್ಸೀವರ್ ಬಾಯಿ ಮುಚ್ಚಿದ್ದು ಮೈಕ್ರೋಕಂಟ್ರೋಲರ್‌ಗೆ ಯಾರೂ ಹೇಳದಿದ್ದರೆ ಅದು ಕಳಿಸುತ್ತಲೇ ಇರುತ್ತದೆ. ತಾನು ಕಳಿಸಿದ ಡಾಮಿನಂಟ್ ಬಿಟ್ ಆರ್‌ಎಕ್ಸ್‌ಡಿಯಲ್ಲಿ ಕಾಣದೆ ಬಿಟ್ ಎರರ್ ಆಗಿ, ಪ್ರತಿ ಸಲ ಟ್ರಾನ್ಸ್‌ಮಿಟ್ ಎರರ್ ಕೌಂಟರ್‌ಗೆ 8 ಸೇರುತ್ತದೆ. 128ಕ್ಕೆ ಎರರ್ ಪ್ಯಾಸಿವ್ (ಉಳಿದವರ ಮಾತು ಕೆಡಿಸದಂತೆ ಮಾತ್ರ ದೋಷ ಸೂಚಿಸುವ ಸ್ಥಿತಿ), 256 ಮುಟ್ಟಿದರೆ ಬಸ್-ಆಫ್ (ನೋಡ್ ಕಳಿಸುವುದನ್ನೇ ನಿಲ್ಲಿಸುವ ಸ್ಥಿತಿ). 500 ಕಿಲೋಬಿಟ್ ವೇಗದಲ್ಲಿ ಎರರ್ ಪ್ಯಾಸಿವ್ ಆದ ಮೇಲಿನ ಒಂದು ವಿಫಲ ಯತ್ನಕ್ಕೆ ಕಾಯುವಿಕೆಯೂ ಸೇರಿ 26 ಬಿಟ್, ಅಂದರೆ 52 ಮೈಕ್ರೋಸೆಕೆಂಡ್. ಅಂಥ ಹದಿನಾರು ಯತ್ನ ಒಂದು ಮಿಲಿಸೆಕೆಂಡಿಗೂ ಕಡಿಮೆ. ಬ್ಯಾಟರಿ ಇಳಿದದ್ದನ್ನು 10 ಮಿಲಿಸೆಕೆಂಡಿಗೊಮ್ಮೆ ನೋಡುವ ಸಾಫ್ಟ್‌ವೇರ್‌ಗೆ ಸುದ್ದಿ ಮುಟ್ಟುವ ಮೊದಲೇ ನೋಡ್ ಬಸ್-ಆಫ್ ಆಗಿರುತ್ತದೆ.

ಬಸ್-ಆಫ್‌ನಿಂದ ಹೊರಬರಲು 11 ರಿಸೆಸಿವ್ ಬಿಟ್‌ಗಳ ಗುಂಪು 128 ಸಲ ಕಾಣಬೇಕು. ಅದೇ ವೇಗದಲ್ಲಿ 2.8 ಮಿಲಿಸೆಕೆಂಡ್. ಆರ್‌ಎಕ್ಸ್‌ಡಿ ರಿಸೆಸಿವ್‌ನಲ್ಲೇ ನಿಲ್ಲುವ ಚಿಪ್ ಆದರೆ, ಆಟೋ ರಿಕವರಿ ಇಟ್ಟಿರುವ ಕಂಟ್ರೋಲರ್ ಒಂದು ಸೆಕೆಂಡಿನ ಕ್ರ್ಯಾಂಕಿಂಗ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಬಿದ್ದು ಏಳಬಹುದು. ವಿಸಿಸಿ ಮರಳುವ ಕ್ಷಣದಲ್ಲಿ ಟಿಎಕ್ಸ್‌ಡಿಯಲ್ಲಿ ಅರ್ಧ ಫ್ರೇಮ್ ಓಡುತ್ತಿದ್ದರೆ ಆ ಅರ್ಧ ಫ್ರೇಮ್ ಬೇರೆಯವರ ಮಾತಿನ ಮೇಲೆ ಬೀಳುತ್ತದೆ. ಟಿಎಕ್ಸ್‌ಡಿ ಒಮ್ಮೆ ರಿಸೆಸಿವ್ ಆಗುವವರೆಗೆ ಟ್ರಾನ್ಸ್‌ಮಿಟರ್ ತೆರೆಯದ ಚಿಪ್‌ಗಳಿವೆ, ಆದರೆ ಒಂದು ರಿಸೆಸಿವ್ ಬಿಟ್ ಫ್ರೇಮ್ ಮಧ್ಯದಲ್ಲೂ ಸಿಗುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ವಿಸಿಸಿಯನ್ನೇ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಘಟಕ) ಅಥವಾ ಕಂಪ್ಯಾರೇಟರ್‌ನಿಂದ ಅಳೆಯಿರಿ, ಬ್ಯಾಟರಿಯನ್ನಷ್ಟೇ ಅಲ್ಲ. ಎಚ್ಚರಿಕೆ ಮಟ್ಟವನ್ನು ಚಿಪ್‌ನ ಗರಿಷ್ಠ ಮಟ್ಟಕ್ಕಿಂತ ಮೇಲೆ, 4.6ರ ಹತ್ತಿರ ಇಟ್ಟು ಇಂಟರಪ್ಟ್‌ಗೆ ಕಟ್ಟಿ. ಇಂಟರಪ್ಟ್ ಬಂದ ಕೂಡಲೇ ಹೊಸ ಫ್ರೇಮ್‌ಗಳನ್ನು ತಡೆದು, ನಡೆಯುತ್ತಿರುವುದು ಮುಗಿಯಲು ಬಿಡಿ. ವಿಸಿಸಿ ಮರಳಿ, ಉದಾಹರಣೆಗೆ, 20 ಮಿಲಿಸೆಕೆಂಡ್ ಸ್ಥಿರವಾಗಿ ನಿಂತ ಮೇಲೆಯೇ ಕಂಟ್ರೋಲರ್ ಮರುಆರಂಭಿಸಿ. ಐದನೇ ಹೆಜ್ಜೆಯ ಗರಗಸವನ್ನು ನಿಲ್ಲಿಸುವುದು ಈ ಕಾಯುವಿಕೆಯೇ. ಆಟೋ ರಿಕವರಿ ಆರಿಸಿ. ಆಟೋಸಾರ್ ಎಂಬ ವಾಹನ ಸಾಫ್ಟ್‌ವೇರ್ ಚೌಕಟ್ಟು ಬಳಸುವವರಿಗೆ ಕ್ಯಾನ್ ಸ್ಟೇಟ್ ಮ್ಯಾನೇಜರ್‌ನಲ್ಲಿ ಬಸ್-ಆಫ್ ನಂತರದ ಕಾಯುವಿಕೆಗೆ ಚಿಕ್ಕದು, ದೊಡ್ಡದು ಎಂಬ ಎರಡು ಸಮಯಗಳಿವೆ. ಅವನ್ನು ಡೀಫಾಲ್ಟ್‌ನಲ್ಲಿ ಬಿಡದೆ ಕ್ರ್ಯಾಂಕಿಂಗ್ ಅವಧಿಗೆ ಹೊಂದಿಸಿ.

ಲಿನ್ ಎಂಬ ಒಂದೇ ತಂತಿಯ ಸರಳ ಜಾಲ ಇರುವವರಿಗೆ ಒಂದು ಮಾತು. ಲಿನ್ ತಂತಿ ಬ್ಯಾಟರಿ ವೋಲ್ಟೇಜ್‌ನಲ್ಲೇ ನಡೆಯುತ್ತದೆ. ಅದರ ಮಟ್ಟಗಳು ಸಪ್ಲೈನ ಶೇ. 40 ಮತ್ತು 60. ಚಿಪ್‌ಗೆ 7 ವೋಲ್ಟ್‌ಗಿಂತ ಕಡಿಮೆ ಸಿಕ್ಕರೆ ನಿಯಮದ ಭರವಸೆ ಮುಗಿಯಿತು. ಮಾಸ್ಟರ್ ಒಂದು ಸಪ್ಲೈ, ಸ್ಲೇವ್ ಇನ್ನೊಂದು ಸಪ್ಲೈನಲ್ಲಿದ್ದರೆ ಇಬ್ಬರ ಶೇಕಡಾ ಲೆಕ್ಕ ಬೇರೆಯಾಗುತ್ತದೆ, ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಿ.

ಹೆಜ್ಜೆ 8: ವಾಹನದಲ್ಲಿ ನೋಡಿ

ಬೆಂಚ್ ದಾಟಿದ ಮೇಲೆ ನಿಜವಾದ ಕಾರಿನಲ್ಲಿ, ಬೇಕೆಂದೇ ದುರ್ಬಲ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿ. ನಮ್ಮ ಊರಿನ ಹವೆಯಲ್ಲಿ ಕೊರೆಯುವ ಚಳಿಗಿಂತ ಬಿಸಿಲಿಗೆ ಸವೆದ ಬ್ಯಾಟರಿಯೇ ಕ್ರ್ಯಾಂಕಿಂಗ್ ಕುಸಿತಕ್ಕೆ ದೊಡ್ಡ ಕಾರಣ. ನಂತರ ಎಲ್ಲ ಇಸಿಯುಗಳ ದೋಷ ಕೋಡ್ ಓದಿ. ಯು0073 ಎಂದರೆ ಆ ಮಾಡ್ಯೂಲ್ ಬಸ್-ಆಫ್ ಕಂಡಿದೆ. ಯು0100 ಎಂದರೆ ಎಂಜಿನ್ ಇಸಿಯು ಜೊತೆ ಸಂಪರ್ಕ ತಪ್ಪಿದೆ ಎಂದು ಬೇರೊಬ್ಬರು ದೂರುತ್ತಿದ್ದಾರೆ. ಬ್ಯಾಟರಿ ವೋಲ್ಟೇಜ್ ನಿಗದಿತ ಮಟ್ಟಕ್ಕಿಂತ ಕೆಳಗಿರುವಾಗ ಇಂಥ ಕೋಡ್‌ಗಳು ದಾಖಲಾಗದಂತೆ ತಡೆ ಇರಬೇಕು. ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬ್ಯಾಟರಿ ಬದಲಿಸುವ ಬದಲು ಇಸಿಯು ಬದಲಿಸುತ್ತಾನೆ, ಗ್ರಾಹಕ ಸುಮ್ಮನೆ ಅದಕ್ಕೆ ದುಡ್ಡು ತೆರುತ್ತಾನೆ.

ಆ ತಡೆಯನ್ನು ಆಧಾರವಾಗಿಟ್ಟುಕೊಂಡು ನಿಜವಾದ ದೋಷ ಮುಚ್ಚಿಡಬೇಡಿ. ಪರೀಕ್ಷೆಯ ಹೊತ್ತಿನಲ್ಲಿ ತಡೆ ತೆಗೆದು, ಕ್ಯಾನ್ ಲಾಗರ್‌ನಲ್ಲಿ ಕ್ರ್ಯಾಂಕಿಂಗ್‌ನ ಎರಡು ಸೆಕೆಂಡುಗಳ ಎರರ್ ಫ್ರೇಮ್‌ಗಳನ್ನು ಎಣಿಸಿ. ನಿಮ್ಮ ಇಸಿಯುವಿನ ಕನೆಕ್ಟರ್ ಕಿತ್ತು ಮತ್ತೊಮ್ಮೆ ಸ್ಟಾರ್ಟ್ ಮಾಡಿ, ಮತ್ತೆ ಎಣಿಸಿ. ತಂತಿಯ ತುದಿಯ 120 ಓಮ್ ನಿಮ್ಮ ಇಸಿಯು ಒಳಗಿದ್ದರೆ ಕಿತ್ತ ಕನೆಕ್ಟರ್‌ಗೆ ಅಷ್ಟೇ ರೆಸಿಸ್ಟರ್ ಹಾಕುವುದನ್ನು ಮರೆಯಬೇಡಿ. ಎರಡು ಎಣಿಕೆಗಳ ನಡುವಿನ ವ್ಯತ್ಯಾಸವನ್ನು ಪರೀಕ್ಷಾ ವರದಿಯ ಮೊದಲ ಪುಟದಲ್ಲೇ ಬರೆಯಿರಿ.